ಆನೆ, ಮಾವುತ ಮತ್ತು ಹದಿನಾಲ್ಕು ಸಾವಿರದ ಬಿಲ್ಲು

ಕೆಲವು ತಿಂಗಳ ಹಿಂದೆ ನನ್ನ ಬೈಕಿನ ಸರ್ವೀಸಿಗೆ 14,384 ರೂಪಾಯಿ ಕೊಟ್ಟೆ. ಬೈಕು ಎಲ್ಲೂ ಬಿದ್ದಿರಲಿಲ್ಲ, ಕೆಟ್ಟು ನಿಂತಿರಲಿಲ್ಲ. ಮೀಟರು 20,000 ಕಿಲೋಮೀಟರ್ ದಾಟಿತ್ತು, ಅಷ್ಟೆ. ಮಾಮೂಲಿ ಸರ್ವೀಸು.

ಹಾಸ್ಟೆಲಿನಲ್ಲಿ ಹೇಳಿಕೊಂಡಾಗ ಗೆಳೆಯರು ನಕ್ಕರು. "ಆನೆ ಸಾಕಿದ ಮೇಲೆ ಮಾವುತನ ಸಂಬಳಕ್ಕೆ ಅಳಬಾರದು ಕಣೋ" ಅಂದ ಒಬ್ಬ. ಮಾತು ಚೆನ್ನಾಗಿದೆ. ಸರ್ಕಾರದ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳಿಗೆ ಶೇ. 40 ಜಿಎಸ್‌ಟಿ, ಅದಕ್ಕಿಂತ ಕೆಳಗಿನವಕ್ಕೆ ಶೇ. 18. ಫೆಲೋಶಿಪ್ಪಿನ ದುಡ್ಡಿನಲ್ಲಿ ಬದುಕುವವನು, ಸೆಕೆಂಡ್ ಹ್ಯಾಂಡೇ ಆದರೂ, ಎರಡು ಸಿಲಿಂಡರಿನ ಲಿಕ್ವಿಡ್ ಕೂಲ್ಡ್ ಬೈಕನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಕೇಳಿದರೆ ನನ್ನಲ್ಲಿ ಮರ್ಯಾದಸ್ಥ ಉತ್ತರವಿಲ್ಲ. ಆಸೆಯಿತ್ತು, ಕೊಂಡೆ. ಆದರೆ ಗೆಳೆಯನ ಮಾತಿನಲ್ಲಿ ಒಂದು ಮೋಸ ಅಡಗಿದೆ. ನಾನು ಕೊಟ್ಟ ಹಣ ಮಾವುತನಿಗೆ ಹೋಯಿತು, ಅವನು ಆನೆಯನ್ನು ನೋಡಿಕೊಂಡ ಎಂದು ಅದು ಸುಮ್ಮನೆ ಒಪ್ಪಿಕೊಂಡುಬಿಡುತ್ತದೆ. ಅದು ಸುಳ್ಳು ಎಂಬುದೇ ನನ್ನ ತಕರಾರು.

ಮೊದಲು ಬಿಲ್ಲನ್ನು ಬಿಡಿಸೋಣ. ಎಂಜಿನ್ ಆಯಿಲ್, ಅದರ ಫಿಲ್ಟರ್, ಏರ್ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್, ಎರಡು ಸ್ಪಾರ್ಕ್ ಪ್ಲಗ್: ಒಟ್ಟು 4,900. ಲೇಬರ್ 5,650, ಅದರಲ್ಲಿ 3,800 ವಾಲ್ವ್ ಕ್ಲಿಯರೆನ್ಸ್ ತಪಾಸಣೆಗೆ. 'ಡಯಾಗ್ನೋಸ್ಟಿಕ್', 'ಎಂಜಿನ್ ಟ್ರೀಟ್‌ಮೆಂಟ್', 'ಕನ್ಸ್ಯೂಮಬಲ್ಸ್' ಎಂಬ ಮೂರು ಸಾಲುಗಳಿಗೆ 1,640. ಇವೆಲ್ಲದರ ಮೇಲೆ ಶೇ. 18 ತೆರಿಗೆ.

ಇದರಲ್ಲಿ ನ್ಯಾಯವಾದದ್ದೂ ಇದೆ, ಒಪ್ಪುತ್ತೇನೆ. ಇಂಥ ಎಂಜಿನ್ನು ನಿಮಿಷಕ್ಕೆ ಹತ್ತು ಸಾವಿರ ಸುತ್ತು ಸುತ್ತುತ್ತದೆ. ಅದರ ಆಯಿಲ್ಲು ಎಂಜಿನ್ನಿನ ಜೊತೆಗೆ ಗೇರು, ಕ್ಲಚ್ಚುಗಳನ್ನೂ ನೋಡಿಕೊಳ್ಳಬೇಕು, ಕಾರಿಗೆ ಹಾಕುವ ಆಯಿಲ್ಲನ್ನು ಸುರಿದರೆ ಕ್ಲಚ್ಚು ಜಾರಬಹುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಇನ್ನು ವಾಲ್ವುಗಳ ವಿಷಯಕ್ಕೆ ಬಂದರೆ, ಮೆಕ್ಯಾನಿಕ್ಕುಗಳು ಟ್ಯಾಪೆಟ್ ಸೆಟ್ಟಿಂಗ್ ಎನ್ನುವ ಕೆಲಸ ನಿಜಕ್ಕೂ ದೊಡ್ಡದು. ಟ್ಯಾಂಕು ಇಳಿಸಿ, ಮೇಲಿನ ಕವರ್ ಬಿಚ್ಚಿ, ಕ್ಯಾಮಿಗೂ ವಾಲ್ವಿಗೂ ನಡುವಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಲೆಕ್ಕವೆಲ್ಲ ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ಅಳತೆ ತಪ್ಪಿದ್ದರೆ ಕ್ಯಾಮ್ ಶಾಫ್ಟನ್ನೇ ಹೊರತೆಗೆದು, ಕೆಳಗಿರುವ ಶಿಮ್ ಎಂಬ ಪುಟ್ಟ ಬಿಲ್ಲೆಯನ್ನು ಬೇರೆ ದಪ್ಪದ ಬಿಲ್ಲೆಗೆ ಬದಲಿಸಬೇಕು. ಅರ್ಧ ದಿನದ ಕೆಲಸಕ್ಕೆ 3,800 ಜಾಸ್ತಿಯಲ್ಲ.

ಕೆಲಸ ಮಾಡಿದ್ದರೆ.

ಸರ್ವೀಸಾದ ನಾಲ್ಕನೇ ದಿನದಿಂದ ಬೆಳಗಿನ ಹೊತ್ತು ಬೈಕು ಸ್ಟಾರ್ಟ್ ಆಗಲು ತಡವರಿಸತೊಡಗಿತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ, ನಾವೆಲ್ಲ ಭಾಯ್ ಎಂದು ಕರೆಯುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಟ್ಯಾಂಕು ಎತ್ತಿ ಟಾರ್ಚು ಬಿಟ್ಟರು. ಒಂದು ನಿಮಿಷ ಏನೂ ಮಾತಾಡಲಿಲ್ಲ.

"ಇದನ್ನ ಯಾರೂ ಬಿಚ್ಚೇ ಇಲ್ಲ ಸಾರ್. ಬೋಲ್ಟ್ ಸಂದೀಲಿ ಮಣ್ಣು ನೋಡಿ, ಹೆಂಗಿತ್ತೋ ಹಂಗೇ ಕೂತದೆ."

ಸರ್ವೀಸ್ ಸೆಂಟರಿಗೆ ವಾಪಸು ಹೋದೆ. ಕೌಂಟರಿನಲ್ಲಿದ್ದವರು ಕಂಪ್ಯೂಟರ್ ತಿರುಗಿಸಿ ತೋರಿಸಿದರು: "ಸಿಸ್ಟಮ್‌ನಲ್ಲಿ ಡನ್ ಅಂತಿದೆ ಸಾರ್." ಕೆಲಸ ಮಾಡಿದವರನ್ನು ನೋಡಬಹುದೇ ಎಂದೆ. ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲವಂತೆ. ಗಾಜಿನಾಚೆ ಇಪ್ಪತ್ತು ದಾಟಿರದ ಹುಡುಗನೊಬ್ಬ ಇನ್ನೊಂದು ಬೈಕಿನ ಚೈನು ತೊಳೆಯುತ್ತಿದ್ದ, ಅವನ ಹಿಂದೆ ಸಾಲಾಗಿ ಇನ್ನೂ ಏಳು ಬೈಕು ನಿಂತಿದ್ದವು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅರ್ಧ ದಿನದ ಕೆಲಸಕ್ಕೆ ಅರ್ಧ ಗಂಟೆ ಕೊಟ್ಟರೆ ಯಾರಾದರೂ ಮಾಡುವುದು ಇಷ್ಟೇ. ಬಿಲ್ಲಿನಲ್ಲಿ ಅವನ ಹೆಸರೂ ಇರಲಿಲ್ಲ, 'ಟೆಕ್ನೀಷಿಯನ್ ಕೋಡ್' ಎಂಬುದರ ಮುಂದೆ ಒಂದು ಸಂಖ್ಯೆ ಇತ್ತು.

ನನ್ನ ಸಂಶೋಧನೆ ವಚನಗಳಲ್ಲಿ ಬರುವ ಕಸುಬಿನ ಪದಗಳ ಮೇಲೆ. ನುಲಿಯ ಚಂದಯ್ಯನ ಹಗ್ಗ, ಅಂಬಿಗರ ಚೌಡಯ್ಯನ ದೋಣಿ, ಮೇದಾರ ಕೇತಯ್ಯನ ಬಿದಿರು. ಹನ್ನೆರಡನೆಯ ಶತಮಾನದ ಆ ಜನರ ಹೆಸರಿನ ಜೊತೆಗೇ ಕಸುಬೂ ನಮ್ಮವರೆಗೆ ಬಂದಿದೆ. ಕಾಯಕದ ಬಗ್ಗೆ ಸೆಮಿನಾರುಗಳಲ್ಲಿ ನಾನೇ ಎರಡು ಪ್ರಬಂಧ ಓದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಎಂಟು ವರ್ಷ ಬೈಕು ಓಡಿಸಿದರೂ ಅದನ್ನು ಬಿಚ್ಚಿ ಜೋಡಿಸುವ ಕೈ ಯಾರದು ಎಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮತ್ತೆ ಭಾಯ್ ಹತ್ತಿರ ಹೋದೆ. "ಮಾಡ್ತೀನಿ ಸಾರ್, ಆದ್ರೆ ಅಳತೆ ಎಷ್ಟು ಅಂತ ನಂಗೆ ಯಾರು ಹೇಳ್ತಾರೆ?" ಅಂದರು. ಈ ಪ್ರಶ್ನೆಯೇ ಈ ಲೇಖನದ ಮೂಲ. ಅವರ ಬಳಿ ಫೀಲರ್ ಗೇಜ್ ಇದೆ, ನಲವತ್ತು ವರ್ಷದ ಅನುಭವವಿದೆ. ಇಲ್ಲದ್ದು ಕಂಪನಿಯ ಸರ್ವೀಸ್ ಕೈಪಿಡಿ. ಅದು ಅಧಿಕೃತ ಸೆಂಟರಿನವರಿಗೆ ಮಾತ್ರ. ಗೆಳೆಯನೊಬ್ಬ ಎಲ್ಲಿಂದಲೋ ಅದರ ಪಿಡಿಎಫ್ ಸಂಪಾದಿಸಿಕೊಟ್ಟ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಒಂದು ಭಾನುವಾರ ನಾನು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ, ಅವರು ಬಿಚ್ಚುತ್ತ ಹೋದರು. ಎರಡು ಕಡೆ ನನ್ನ ಅನುವಾದವನ್ನೇ ತಿದ್ದಿದರು. ಪಿಎಚ್.ಡಿ. ಶುರುವಾದ ಮೇಲೆ ನಾನು ಮಾಡಿದ ಅತ್ಯಂತ ಉಪಯುಕ್ತ ಅನುವಾದ ಅದೇ ಇರಬೇಕು.

ಎಂಟು ವಾಲ್ವುಗಳಲ್ಲಿ ಎರಡು ಎಕ್ಸಾಸ್ಟ್ ವಾಲ್ವುಗಳ ಸಂದು ಇರಬೇಕಾದ್ದಕ್ಕಿಂತ ಕಡಿಮೆಯಾಗಿತ್ತು. ಸಂದು ಜಾಸ್ತಿಯಾದರೆ ಎಂಜಿನ್ನು ಟಕಟಕ ಎಂದು ಎಚ್ಚರಿಸುತ್ತದೆ. ಕಡಿಮೆಯಾದರೆ ಸದ್ದೇ ಇರುವುದಿಲ್ಲ. ಅದು ಇನ್ನೂ ಕಡಿಮೆಯಾಗುತ್ತ ಹೋದರೆ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ, ಬಿಸಿ ಅನಿಲ ನುಗ್ಗಿ ಅದರ ಅಂಚು ಸುಟ್ಟುಹೋಗುತ್ತದೆ. ಆಮೇಲಿನ ಖರ್ಚಿನ ಮುಂದೆ ಹದಿನಾಲ್ಕು ಸಾವಿರ ಏನೂ ಅಲ್ಲ. ಶಿಮ್ಮಿನ ವ್ಯಾಸ ಹಲವು ಕಂಪನಿಗಳಲ್ಲಿ ಒಂದೇ ಆದ್ದರಿಂದ, ಬೇಕಾದ ದಪ್ಪದವು ಇನ್ನೊಬ್ಬ ಮೆಕ್ಯಾನಿಕ್ಕಿನ ಡಬ್ಬಿಯಲ್ಲಿ ಸಿಕ್ಕವು. ಭಾಯ್ ತೆಗೆದುಕೊಂಡದ್ದು 2,500 ರೂಪಾಯಿ.

"ಅಂಥ ವೇಗದ ಬೈಕನ್ನು ಬೀದಿ ಮೆಕ್ಯಾನಿಕ್ಕಿನ ಕೈಗೆ ಕೊಡುವುದು ಅಪಾಯವಲ್ಲವೇ?" ಎಂದು ಕೇಳುವವರಿದ್ದಾರೆ. ಅಪಾಯ ನಿಜ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಆ ಮೆಕ್ಯಾನಿಕ್ಕಿಗೆ ಕೈಪಿಡಿ ಕೊಡಿ, ತರಬೇತಿ ಕೊಡಿ. ತಿಳಿವಳಿಕೆಯನ್ನು ಬಚ್ಚಿಟ್ಟು, ಆಮೇಲೆ ಅವನಿಗೆ ತಿಳಿವಳಿಕೆಯಿಲ್ಲ ಎಂದು ದೂರುವುದು ಯಾವ ನ್ಯಾಯ? ಕನ್ನಡ ನಾಡಿನಲ್ಲಿ ಈ ನ್ಯಾಯ ಹೊಸದೇನಲ್ಲ. ಅಕ್ಷರವನ್ನು ಒಳಗಿಟ್ಟುಕೊಂಡವರು ಹೊರಗಿನವರನ್ನು ಅನಕ್ಷರಸ್ಥರು ಎಂದು ಹಳಿದ ಕಥೆ ನಮಗೆಲ್ಲ ಗೊತ್ತಿದೆ.

ಇದು ನನ್ನೊಬ್ಬನ ಗೊಣಗಾಟವೂ ಅಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.64 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳು, ದೋಷ ಪತ್ತೆಯ ಉಪಕರಣಗಳು, ತಾಂತ್ರಿಕ ಮಾಹಿತಿ ಇವನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದು ಅವುಗಳ ತಪ್ಪು. ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕಿ'ಗಾಗಿ ಸಮಿತಿ ಮಾಡಿತು, ವರ್ಷದ ಕೊನೆಗೆ ಜಾಲತಾಣವನ್ನೂ ತೆರೆಯಿತು. ಮಂಡಿ ಮೊಹಲ್ಲಾಕ್ಕೆ ಅದರ ಬಿಸಿ ಇನ್ನೂ ತಟ್ಟಿಲ್ಲ.

ದುಬಾರಿ ಸರ್ವೀಸು ಶಕ್ತಿಯುತ ಎಂಜಿನ್ನಿನ ಹಣೆಬರಹ ಎನ್ನುವವರು ಡುಕಾಟಿಯನ್ನು ನೋಡಬೇಕು. ಆ ಇಟಾಲಿಯನ್ ಕಂಪನಿಯ ಹೆಮ್ಮೆ ಡೆಸ್ಮೋಡ್ರೋಮಿಕ್ ವಾಲ್ವುಗಳು. ಸ್ಪ್ರಿಂಗಿನ ಬದಲು ಕ್ಯಾಮೇ ವಾಲ್ವನ್ನು ತೆರೆದು ಮುಚ್ಚುತ್ತದೆ, ಹಾಗಾಗಿ ಪ್ರತಿ ವಾಲ್ವಿಗೂ ಎರಡೆರಡು ಅಳತೆ. ಅದರ ಎಷ್ಟೋ ಹಳೆಯ ಮಾದರಿಗಳಲ್ಲಿ 12,000 ಕಿಲೋಮೀಟರಿಗೊಮ್ಮೆ ಈ ತಪಾಸಣೆ ಆಗಬೇಕಿತ್ತು, ಅದರ ಬಿಲ್ಲಿಗೆ ಮಾಲೀಕರು ಹೆದರುತ್ತಿದ್ದರು. ಅದೇ ಕಂಪನಿ ಮಲ್ಟಿಸ್ಟ್ರಾಡಾ ವಿ4 ಬೈಕಿಗೆ ಸ್ಪ್ರಿಂಗ್ ವಾಲ್ವು ಹಾಕಿ, ತಪಾಸಣೆಯನ್ನು 60,000 ಕಿಲೋಮೀಟರಿಗೆ ತಂದಿತು. ಸರ್ವೀಸಿನ ಖರ್ಚು ಡ್ರಾಯಿಂಗ್ ಬೋರ್ಡಿನ ಮೇಲೆ ಯಾರೋ ತೆಗೆದುಕೊಳ್ಳುವ ತೀರ್ಮಾನ. ತೀರ್ಮಾನವಾದ್ದರಿಂದ ಅದನ್ನು ಪ್ರಶ್ನಿಸಬಹುದು.

ಇನ್ನೊಂದು ಉದಾಹರಣೆಗೆ ದೂರ ಹೋಗಬೇಕಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ತಯಾರಿಸಲು ಶುರುಮಾಡಿ 1996ರಲ್ಲಿ ಮುಚ್ಚಿತು. ಜಾವಾ, ಯೆಜ್ಡಿಗಳು ಇವತ್ತಿಗೂ ನಮ್ಮ ಬೀದಿಗಳಲ್ಲಿ ಓಡುತ್ತಿವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಈ ವಾಲ್ವುಗಳೇ ಇಲ್ಲ, ಅದರ ಹೊಗೆಯನ್ನು ಯಾರೂ ಹೊಗಳಬೇಕಿಲ್ಲ, ಹೋಲಿಕೆ ಸಲೀಸಲ್ಲ ಎಂದು ಗೊತ್ತಿದೆ. ಆದರೂ ಕಂಪನಿ ಸತ್ತ ಮೇಲೆ ಅದರ ಬೈಕುಗಳು ಬದುಕಿದವು. ಭಾಯ್‌ನಂಥವರು ಅವುಗಳ ಒಳಗನ್ನು ಕಲಿತಿದ್ದರು, ಇನ್ನೊಬ್ಬರಿಗೆ ಕಲಿಸಿದ್ದರು. ನನ್ನ ಬೈಕಿನ ಕಂಪನಿ ನಾಳೆ ಬಾಗಿಲು ಹಾಕಿದರೆ ಸರ್ವೀಸ್ ದೀಪವನ್ನು ಆರಿಸುವುದಕ್ಕೂ ಯಾರೂ ಇರುವುದಿಲ್ಲ. ಟ್ಯಾಪೆಟ್ ಸರಿಮಾಡಿದ ಭಾಯ್‌ಗೂ ಆ ದೀಪ ಆರಿಸಲು ಆಗಲಿಲ್ಲ, ಅದಕ್ಕೆ ಕಂಪನಿಯ ಸಾಫ್ಟ್‌ವೇರ್ ಬೇಕು.

ಹಾಗಾಗಿ ನನ್ನ ಬೇಡಿಕೆಗಳು ಮೂರೇ. ಬೈಕು ಮಾರುವವರು ಅದರ ಸರ್ವೀಸ್ ಕೈಪಿಡಿಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು, ಕರ್ನಾಟಕದಲ್ಲಿ ಮಾರುವುದಾದರೆ ಕನ್ನಡದಲ್ಲೂ. ಬಿಡಿಭಾಗ, ಸಾಫ್ಟ್‌ವೇರುಗಳನ್ನು ಹೊರಗಿನ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ಕೊಡಬೇಕು. ಬಿಲ್ಲಿನಲ್ಲಿ ಕೆಲಸ ಮಾಡಿದವರ ಹೆಸರು ಇರಬೇಕು. ಮೊದಲನೆಯದರಲ್ಲಿ ನಮ್ಮ ಪಾಲೂ ಇದೆ. ಕಾದಂಬರಿಗಳನ್ನು ಕನ್ನಡಕ್ಕೆ ತರುವ ಉತ್ಸಾಹದ ಒಂದಂಶ ಇಂಥ ಪುಟಗಳ ಕಡೆಗೂ ಹರಿಯಲಿ.

ಅಲ್ಲಿಯವರೆಗೆ ಬೈಕಿಟ್ಟಿರುವ ಓದುಗರಿಗೆ ಒಂದು ಮಾತು. ವಾಲ್ವ್ ತಪಾಸಣೆಗೆ ದುಡ್ಡು ಕೊಟ್ಟರೆ ಅಳತೆಗಳನ್ನು ಬರೆದುಕೊಡಿ ಎಂದು ಕೇಳಿ. ಅಳೆದವರ ಹತ್ತಿರ ಸಂಖ್ಯೆಗಳು ಇದ್ದೇ ಇರುತ್ತವೆ. ಭಾಯ್ ನನಗೆ ಕಂಪ್ಯೂಟರ್ ಬಿಲ್ಲು ಕೊಡಲಿಲ್ಲ. ಆಯಿಲ್ ಫಿಲ್ಟರಿನ ರಟ್ಟಿನ ಡಬ್ಬಿ ಹರಿದು, ಅದರ ಹಿಂದೆ ಎಂಟು ವಾಲ್ವುಗಳ ಮೊದಲಿನ ಅಳತೆ, ಈಗಿನ ಅಳತೆ ಬರೆದು, ಕೆಳಗೆ ಸಹಿ ಹಾಕಿ ಕೊಟ್ಟರು. ಅದು ನನ್ನ ಮೇಜಿನ ಮೇಲೆ, ಥೀಸಿಸ್ಸಿನ ಟಿಪ್ಪಣಿಗಳ ಜೊತೆಗೇ ಇದೆ.