ಕನ್ನಡಕದೊಳಗಿನ ಹೆರಿಗೆ

ಈಗ ಹೆರಿಗೆ ಮಾಡಿಸುವುದನ್ನೂ ಕನ್ನಡಕ ಹಾಕಿಕೊಂಡು ಕಲಿಯಬಹುದಂತೆ! ಓದುವ ಕನ್ನಡಕ ಅಲ್ಲ ಮಾರಾಯ್ರೆ, ವರ್ಚುವಲ್ ರಿಯಾಲಿಟಿಯದ್ದು. ಹಾಕಿಕೊಂಡರೆ ಎದುರಿಗೆ ಲೇಬರ್ ರೂಮು, ಮಂಚದ ಮೇಲೆ ನೋವು ತಿನ್ನುವ ಹೆಂಗಸು. ಮೆಡಿಕಲ್ ಓದುವ ಮಕ್ಕಳು ಅದರಲ್ಲೇ ಅಭ್ಯಾಸ ಮಾಡುತ್ತಾರೆ. ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು "ಇನ್ನು ಮಗುವೂ ಕಂಪ್ಯೂಟರಿನಲ್ಲೇ ಹುಟ್ಟುತ್ತದೆ ಬಿಡಿ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಯಾಕೆ ಗೊತ್ತೇ? 1988ರಲ್ಲಿ ಇದೇ ಮುಂಬಯಿಯ ಒಂದು ದೊಡ್ಡಾಸ್ಪತ್ರೆಯಲ್ಲಿ ನನ್ನ ಚೊಚ್ಚಲ ಹೆರಿಗೆ ಆದದ್ದು. ಊರಿಗೆ ಹೋಗುವ ಅನುಕೂಲ ಇರಲಿಲ್ಲ, ಮರಾಠಿ ಸರಿಯಾಗಿ ಬರುತ್ತಿರಲಿಲ್ಲ. ನಾಲ್ಕು ಜನ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಕೈ ಹಾಕಿ ನೋಡಿದರು. ನೋಡಲೇ ಎಂದು ಒಬ್ಬರೂ ಕೇಳಲಿಲ್ಲ. ಅವರು ಕೆಟ್ಟವರೇನಲ್ಲ, ಕಲಿಯಬೇಕಿತ್ತು. ಆದರೆ ಅವರು ಬರೆದು ಅಳಿಸಿ ಕಲಿತ ಸ್ಲೇಟು ನನ್ನ ಮೈ. ದುಡ್ಡಿದ್ದವರು ನರ್ಸಿಂಗ್ ಹೋಮಿಗೆ ಹೋಗುತ್ತಿದ್ದರು. ಹೊಸಬರ ಮೊದಲ ತಪ್ಪುಗಳೆಲ್ಲ ಬಡವರ ಪಾಲಿಗೇ!

ಆ ಮೊದಲ ತಪ್ಪುಗಳು ಕನ್ನಡಕದೊಳಗೆ ಆಗಿ ಮುಗಿಯುವುದಾದರೆ ಒಳ್ಳೆಯದೇ ಅಲ್ಲವೇ?

ಇದು ತೀರಾ ಹೊಸ ಯೋಚನೆಯೂ ಅಲ್ಲ. 18ನೇ ಶತಮಾನದಲ್ಲೇ ಫ್ರಾನ್ಸಿನ ಮದಾಮ್ ದ್ಯು ಕುದ್ರೇ ಎಂಬ ಸೂಲಗಿತ್ತಿ ಬಟ್ಟೆ, ಚರ್ಮದಲ್ಲಿ ತಾಯಿಮಗುವಿನ ಬೊಂಬೆ ಮಾಡಿದ್ದಳು. 1759ರಲ್ಲಿ ದೊರೆ 15ನೇ ಲೂಯಿಯ ಅಪ್ಪಣೆ ಸಿಕ್ಕಿದ ಮೇಲೆ ಊರೂರು ತಿರುಗಿ ಸಾವಿರಾರು ಹೆಂಗಸರಿಗೆ ಕಲಿಸಿದಳು. ಅಂಥ ಒಂದು ಬೊಂಬೆ ರೂಆನ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಇನ್ನೂ ಇದೆ. ನಮ್ಮಲ್ಲೂ 2019ರ ಹೊಸ ಎಂಬಿಬಿಎಸ್ ಪಠ್ಯಕ್ರಮದೊಂದಿಗೆ ಕಾಲೇಜುಗಳಿಗೆ ಸ್ಕಿಲ್ ಲ್ಯಾಬ್ ಬಂತು.

ಮುಖ್ಯವಾಗಿ ಅಪರೂಪದ ಅಪಾಯಗಳಿಗೆ ಇದು ಬೇಕು. ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ, ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಯೋಚಿಸುತ್ತ ನಿಲ್ಲಲು ಸಮಯ ಇರುವುದಿಲ್ಲ. 2018-20ರ ಸರಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಸತ್ತ ತಾಯಂದಿರು ದೇಶದಲ್ಲಿ 97, ಕರ್ನಾಟಕದಲ್ಲಿ 69, ಮಹಾರಾಷ್ಟ್ರದಲ್ಲಿ 33. ಕಡಿಮೆಯಾಗಿದೆ, ನಿಜ. ಆದರೆ ಆ 33 ಮನೆಗಳಿಗೆ ಹೋಗಿ ಕಡಿಮೆ ಎನ್ನಲಾದೀತೇ?

ಹಾಗೆಂದು ಕನ್ನಡಕವೇ ಎಲ್ಲ ಕಲಿಸೀತು ಎನ್ನುವವಳು ನಾನಲ್ಲ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರು ಕಲಿತದ್ದು ಅಜ್ಜಿಯ ಜೊತೆಗಿದ್ದು, ಕೈಯಿಂದ. ಹೊಟ್ಟೆ ಮುಟ್ಟಿದಾಗ ಬೆರಳಿಗೆ ಗೊತ್ತಾಗುವುದನ್ನು ಕಣ್ಣಿಗೆ ಕಾಣುವ ಚಿತ್ರ ಹೇಗೆ ಕಲಿಸೀತು? ಕೈಯ ಕಸುಬಿಗೆ ರಬ್ಬರಿನ ಬೊಂಬೆಯೇ ವಾಸಿ.

ಮತ್ತೆ ಈ ಕನ್ನಡಕದ ದೊಡ್ಡ ಉಪಯೋಗ ಯಾವುದು? ನನ್ನ ಪ್ರಕಾರ, ನಿಂತ ಜಾಗ ಬದಲಿಸುವುದು! ಬೊಂಬೆ ಅದನ್ನು ಮಾಡಲಾರದು. ವಿದ್ಯಾರ್ಥಿಯನ್ನು ಡಾಕ್ಟರ ಜಾಗದಲ್ಲಿ ಮಾತ್ರ ಏಕೆ ನಿಲ್ಲಿಸಬೇಕು? ಒಂದು ದಿನ ಮಂಚದ ಮೇಲೆ ಮಲಗಿಸಿ. ಮೇಲೆ ಕಣ್ಣು ಕುಕ್ಕುವ ಲೈಟು, ಸುತ್ತ ಗುರುತಿಲ್ಲದ ಮುಖಗಳು, ಅರ್ಥವಾಗದ ಭಾಷೆಯಲ್ಲಿ ಗದರುವ ಮೌಶಿ. ಯಾದಗಿರಿಯಿಂದ ಕೂಲಿಗೆ ಬಂದು ಮುಂಬಯಿಯಲ್ಲಿ ಹೆರುವ ಹುಡುಗಿಗೆ ಹೀಗೇ ಕಾಣುವುದು. ಗೌರವದಿಂದ ನಡೆಸಿಕೊಳ್ಳಬೇಕೆಂದು ಕೇಂದ್ರದ 2017ರ 'ಲಕ್ಷ್ಯ' ಯೋಜನೆಯಲ್ಲೂ ಇದೆ. ಅದು ಕಾಗದದಿಂದ ಮನಸ್ಸಿಗೆ ಇಳಿಯಬೇಕಾದರೆ ಹತ್ತು ನಿಮಿಷ ಅಲ್ಲಿ ಮಲಗಿ ನೋಡಬೇಕು.

ಆಮೇಲೆ ಕನ್ನಡಕ ತೆಗೆದು ನಿಜವಾದ ವಾರ್ಡಿಗೆ ಬಂದಾಗ ಆ ಮಕ್ಕಳು, ಕೈ ಹಾಕುವ ಮೊದಲು, "ನೋಡಲೇನಮ್ಮಾ?" ಎಂದು ಕೇಳಿದರೆ ಸಾಕು. ಆ ಯಂತ್ರಕ್ಕೆ ಕೊಟ್ಟ ದುಡ್ಡು ದಂಡವಾಗಲಿಲ್ಲ ಎನ್ನುತ್ತೇನೆ. ನೀವೇನಂತೀರಿ?