ಸನ್ನೆಕೋಲಿನ ಕಾಫಿ ಯಂತ್ರ ಮತ್ತು ಊರಿನ ನೀರು

ಕೆಳ ಪಳನಿ ಬೆಟ್ಟಗಳ ತಾಂಡಿಕುಡಿ, ಪಣ್ಣೈಕಾಡು ಸುತ್ತಿನ ತೋಟಗಳು ಕಾಫಿಗೆ ಹೆಸರಾದವು. ತಾಂಡಿಕುಡಿಯಲ್ಲಿ ಕಾಫಿ ಮಂಡಳಿಯ ಪ್ರಾದೇಶಿಕ ಸಂಶೋಧನಾ ಕೇಂದ್ರವಿದೆ; ಬೆಟ್ಟದ ತಪ್ಪಲಿನ ಪಟ್ಟಿವೀರನ್‌ಪಟ್ಟಿಯ ಕಾಫಿ ವ್ಯಾಪಾರ ಹಳೆಯದು. ದಿಂಡಿಗಲ್ಲಿನಿಂದ ಕಂಬಂವರೆಗಿನ ಮನೆಗಳಲ್ಲಿ, ಕಣಿವೆಯ ಕನ್ನಡ ಮಾತಿನ ಮನೆಗಳೂ ಸೇರಿದಂತೆ, ಈ ಪುಡಿಗೆ ಹಿತ್ತಾಳೆಯದೋ ಉಕ್ಕಿನದೋ ಒಂದು ಫಿಲ್ಟರು ಸಾಕು. ಆದರೂ ವಿದೇಶದಿಂದ ಮರಳುವ ಬಂಧುಗಳ ಪೆಟ್ಟಿಗೆಯಲ್ಲಿ ಉದ್ದ ಹಿಡಿಕೆಯ ಇಟಲಿಯ ಎಸ್‌ಪ್ರೆಸೊ ಯಂತ್ರವೊಂದು ಬಂದಿಳಿಯುವುದುಂಟು. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈ ಪ್ರತಿ ಊರಿನಲ್ಲಿಯೂ ದೊರೆಯದು. ಆದ್ದರಿಂದ ಅದರ ಆರೈಕೆ ಮನೆಯವರ ಪಾಲಿಗೇ ಬೀಳುತ್ತದೆ.

ಮಿಲಾನ್ ನಗರದ ಅಕಿಲೆ ಗಾಜ್ಜಿಯಾ 1938ರಲ್ಲಿ ಹಬೆಯನ್ನು ನೆಚ್ಚದ ಹೊಸ ಬಗೆಯ ಕಾಫಿ ಯಂತ್ರಕ್ಕೆ ಪೇಟೆಂಟ್ ಕೋರಿದನು. ಎರಡನೆಯ ಮಹಾಯುದ್ಧದ ನಂತರ ಹಿಡಿಕೆಯ ಯಂತ್ರಗಳನ್ನು ಮಾರುಕಟ್ಟೆಗೆ ತಂದನು. ಲಾ ಪಾವೋನಿ ಸಂಸ್ಥೆಯ ಯೂರೋಪಿಕೋಲಾದಂತಹ ಮನೆಬಳಕೆಯ ಯಂತ್ರಗಳು ಅನಂತರ ಬಂದವು. ತತ್ತ್ವ ಸರಳ. ಶಾಲೆಯ ವಿಜ್ಞಾನ ಪುಸ್ತಕದ ಸನ್ನೆಕೋಲೇ ಇಲ್ಲಿಯ ಹಿಡಿಕೆ. ಬಾಯ್ಲರಿನಲ್ಲಿರುವ ಒತ್ತಡ ಸುಮಾರು 0.8 ಬಾರ್, ಅಡುಗೆಮನೆಯ ಕುಕ್ಕರಿಗಿಂತ ತುಸು ಕಡಿಮೆಯೇ. ಅಷ್ಟರಿಂದ ಎಸ್‌ಪ್ರೆಸೊ ಆಗದು. ತೋಳಿನ ಬಲವನ್ನು ಹಿಡಿಕೆ ಹೆಚ್ಚಿಸಿ, ಪಿಸ್ಟನ್ನಿನ ಮೂಲಕ ಎಂಟೊಂಬತ್ತು ಬಾರ್ ಒತ್ತಡದಲ್ಲಿ ಬಿಸಿನೀರನ್ನು ಪುಡಿಯೊಳಗೆ ನುಗ್ಗಿಸುತ್ತದೆ.

ಯಂತ್ರ ಕೆಟ್ಟಿತೆಂದು ದೂರುವ ಮುನ್ನ ನೀರನ್ನು ನೋಡಬೇಕು. 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ, ಬೆಟ್ಟ ಕೊರೆದ ಸುರಂಗದ ಮೂಲಕ ಕಂಬಂ ಕಣಿವೆಗೆ ಹರಿದುಬರುವುದು ಕಾಡಿನ ಮಳೆನೀರು. ಅದರಲ್ಲಿ ಕರಗಿದ ಸುಣ್ಣ ಅಲ್ಪ. ದಿಂಡಿಗಲ್ಲಿನ ಬಯಲಿನ ಕೊಳವೆಬಾವಿಗಳ ಮಾತು ಬೇರೆ. ಅಲ್ಲಿ ಸಾಬೂನು ನೊರೆಗಟ್ಟಲು ತಡವಾಗುತ್ತದೆ, ಇಡ್ಲಿ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕೂರುತ್ತದೆ. ಪ್ರೌಢಶಾಲೆಯ ಮಕ್ಕಳು ಇದನ್ನು ತಾತ್ಕಾಲಿಕ ಗಡಸುತನವೆಂದು ಓದಿರುತ್ತಾರೆ: ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟು ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕರಗದ ಕಾರ್ಬೊನೇಟಾಗುತ್ತದೆ. ಅದೇ ಪೊರೆ ಬಾಯ್ಲರಿನ ಕಾಯಿಸುವ ಸುರುಳಿಯ ಮೇಲೂ ಹತ್ತುತ್ತದೆ. ಸುಣ್ಣ ಶಾಖವನ್ನು ಸುಲಭವಾಗಿ ಸಾಗಿಸದು. ಹೀಗಾಗಿ ನೀರು ಕಾಯುವುದು ನಿಧಾನವಾಗುತ್ತದೆ, ಸುರುಳಿ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಉದುರಿದ ಚಕ್ಕೆಗಳು ನೀರಿನ ಮಟ್ಟ ತೋರುವ ಗಾಜಿನ ಕೊಳವೆಯ ದಾರಿಯನ್ನು ಮುಚ್ಚಿದರೆ, ಬಾಯ್ಲರು ಬರಿದಾದುದೂ ತಿಳಿಯದೆ ಹೋಗಬಹುದು.

ಇದಕ್ಕೆ ಮದ್ದು ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಲೀಟರಿಗೆ 20ರಿಂದ 25 ಗ್ರಾಂ ಬೆರೆಸಿ ಬಾಯ್ಲರಿಗೆ ತುಂಬಿ, ತುಸು ಬಿಸಿಮಾಡಿ, ಸ್ವಿಚ್ಚು ಆರಿಸಿ ಅರ್ಧ ಗಂಟೆ ಬಿಡಬೇಕು. ಪೂರ್ಣ ತಣಿದ ಮೇಲೆ ಚೆಲ್ಲಿ, ಶುದ್ಧ ನೀರಿನಿಂದ ಮೂರು ನಾಲ್ಕು ಬಾರಿ ತೊಳೆಯುವುದು ಅಗತ್ಯ. ಕೊಳವೆಬಾವಿಯ ನೀರಾದರೆ ಎರಡು ಮೂರು ತಿಂಗಳಿಗೊಮ್ಮೆ, ಕಣಿವೆಯ ನೀರಾದರೆ ವರ್ಷಕ್ಕೊಂದೆರಡು ಸಲ. ಹಿತ್ತಾಳೆ ಫಿಲ್ಟರನ್ನು ಬೆಳಗುವ ಅಜ್ಜಿಯ ಹುಣಸೆಹಣ್ಣು ಮತ್ತು ಬೂದಿಯನ್ನು ಮಾತ್ರ ಈ ಯಂತ್ರದ ಹೊರಮೈಗೆ ಸೋಕಿಸಬಾರದು. ಕ್ರೋಮಿನ ಲೇಪ ಗೀರಿಹೋಗುತ್ತದೆ.

ನೀರಿನ ನಂತರ ರಬ್ಬರಿನ ಸರದಿ. ಪುಡಿಯ ಹಿಡಿಯ ಅಂಚಿನಿಂದ ನೀರು ಜಿನುಗಿದರೆ ಅಲ್ಲಿಯ ಬಳೆ ಗಟ್ಟಿಯಾಗಿದೆ; ಕುಕ್ಕರಿನ ಗ್ಯಾಸ್ಕೆಟ್ಟು ಮುದಿಯಾದಂತೆಯೇ. ಹಿಡಿಕೆಯ ಬುಡದಲ್ಲಿ ನೀರು ಮೇಲೆ ಬಂದರೆ ಪಿಸ್ಟನ್ನಿನ ಬಳೆಗಳು ಸವೆದಿವೆ. ಇವುಗಳಿಗೆ ಒಂದು ತುಟಿಯಿರುತ್ತದೆ, ಅದು ಮುಖಮಾಡಿದ ದಿಕ್ಕು ಮುಖ್ಯ. ಹಳೆಯವನ್ನು ಕೀಳುವ ಮುನ್ನವೇ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಹೊಸವನ್ನು ತಲೆಕೆಳಗಾಗಿ ಕೂರಿಸುವ ಪ್ರಮೇಯ ಬಾರದು. ಸವರಲು ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ಗ್ರೀಸೇ ಬೇಕು. ತೆಂಗಿನೆಣ್ಣೆ ನಡೆಯದು, ಬಂಡಿಯ ಗ್ರೀಸಂತೂ ಕೂಡದು.

ಹಿಡಿಕೆ ತಡೆಯಿಲ್ಲದೆ ಕುಸಿದರೆ ಪುಡಿ ದಪ್ಪವಾಯಿತು. ಅಲುಗದೆ ನಿಂತರೆ ಅತಿ ನುಣುಪಾಯಿತು, ಅಥವಾ ಚಿಕೋರಿ ಸೇರಿದೆ. ಚಿಕೋರಿ ನೀರಿನಲ್ಲಿ ಕರಗಿ ಅಂಟಾಗಿ ಜಾಲರಿಯನ್ನು ಮುಚ್ಚುತ್ತದೆ. ಫಿಲ್ಟರಿನಲ್ಲಿ ಅದಕ್ಕೆ ಬಣ್ಣವೂ ಗೌರವವೂ ಉಂಟು, ಇಲ್ಲಿ ಎಡೆಯಿಲ್ಲ. ಮೊದಲ ಲೋಟ ಚೆನ್ನಾಗಿದ್ದು ಮೂರನೆಯದು ಕಹಿಯಾದರೆ ಪುಡಿಯ ತಪ್ಪಲ್ಲ. ಯಂತ್ರದ ತಲೆ ಅತಿಯಾಗಿ ಕಾದಿದೆ. ನೆಂಟರು ಕಾಯುತ್ತಿದ್ದರೂ ಆರಿಸಿ ಕಾಲು ಗಂಟೆ ಬಿಡುವುದೇ ದಾರಿ.

ಒತ್ತಡಮಾಪಕದ ಮುಳ್ಳು ಬೇಗನೆ ಏರಿದರೂ ಹಬೆ ಬಾರದಿದ್ದರೆ, ಒಳಗೆ ಸಿಕ್ಕಿದ ಗಾಳಿ ಮುಳ್ಳನ್ನು ನೂಕಿದೆ ಎಂದರ್ಥ. ಹಬೆಯ ತಿರುಪನ್ನು ಸ್ವಲ್ಪ ಸಡಿಲಿಸಿ, ಗಾಳಿ ಹೊರಟು ನಿಜವಾದ ಹಬೆ ಬರುವವರೆಗೆ ಕಾಯಬೇಕು.

ಮಕ್ಕಳಿರುವ ಮನೆಯಲ್ಲಿ ಕೆಲವು ಕಟ್ಟುಪಾಡುಗಳು ಸಡಿಲವಾಗಬಾರದು. ಬಾಯ್ಲರಿನ ಮುಚ್ಚಳವನ್ನು ಒತ್ತಡ ಪೂರ್ಣ ಇಳಿಯುವವರೆಗೆ ತಿರುಗಿಸಬಾರದು. ನೀರು ಮುಗಿದರೂ ಮೊದಲು ಸ್ವಿಚ್ಚು, ಅನಂತರ ತಾಳ್ಮೆ, ಕೊನೆಗೆ ಮುಚ್ಚಳ. ಕಾಫಿ ಇಳಿದ ಕೂಡಲೇ ಪುಡಿಯ ಹಿಡಿಯನ್ನು ಕಳಚಿದರೆ ಒಳಗುಳಿದ ಒತ್ತಡ ಕುದಿಯುವ ಚರಟವನ್ನು ಮುಖಕ್ಕೆ ಸಿಡಿಸುತ್ತದೆ. ಸ್ಪ್ರಿಂಗ್ ಇರುವ ಯಂತ್ರದ ಹಿಡಿಕೆಯನ್ನು ಅರ್ಧದಲ್ಲಿ ಕೈಬಿಟ್ಟರೆ ಅದು ಗದ್ದಕ್ಕೆ ಬಡಿಯುವಷ್ಟು ರಭಸದಿಂದ ಏಳುತ್ತದೆ. ಸುರಕ್ಷಾ ಕವಾಟ ಬುಸುಗುಟ್ಟಿದರೆ ಅದನ್ನು ಒತ್ತಿ ಮುಚ್ಚದೆ ವಿದ್ಯುತ್ತನ್ನು ತಪ್ಪಿಸಬೇಕು. ಅಮೆರಿಕದಿಂದ ಬಂದ ಯಂತ್ರವಾದರೆ ತಳದ ಚೀಟಿ ಓದದೆ ಚುಚ್ಚುವುದು ಬೇಡ: ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಭೂಸಂಪರ್ಕವಿರುವ ಮೂರು ಕಡ್ಡಿಯ ಪ್ಲಗ್ಗೂ ಕಡ್ಡಾಯ.

ಹಾಲಿಗೆ ಹಬೆ ಕೊಟ್ಟಾದ ಮೇಲೆ ಕೊಳವೆಯನ್ನು ಒರೆಸಿ, ಒಮ್ಮೆ ಹಬೆ ಊದಿಸಿಯೇ ಬಿಡಬೇಕು. ಬಾಯ್ಲರು ತಣಿಯುವಾಗ ಒಳಗೆ ಒತ್ತಡ ಕುಗ್ಗುತ್ತದೆ. ತಿರುಪು ಬಿಗಿಯಾಗಿರದಿದ್ದರೆ ತುದಿಯಲ್ಲುಳಿದ ಹಾಲು ಬಾಯ್ಲರಿನೊಳಕ್ಕೆ ಸೆಳೆದುಹೋಗಿ, ಮರುದಿನದ ಕಾಫಿಗೆ ಹುಳಿ ವಾಸನೆ ಹತ್ತುತ್ತದೆ.