ಸೇವೆ ಯಾರ ಹೊಣೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಉಂಡೆ ಕೊಬ್ಬರಿಯ ಕಥೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೆ ಅದರ ಗೊಡವೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿಯೇ ಇಂಗಬೇಕು. ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಅಲುಗಾಡಿಸಿದಾಗ ಸದ್ದು ಮಾಡಬೇಕು. ಆಮೇಲೆ ಮಟ್ಟೆ ಸುಲಿಯುವವರು ಬರುತ್ತಾರೆ. ಉಂಡೆಗೆ ಪೆಟ್ಟಾಗದಂತೆ ಚಿಪ್ಪು ಒಡೆದು ಬಿಡಿಸುವ ಹೆಣ್ಣುಮಕ್ಕಳು, ಗಾತ್ರ ನೋಡಿ ವಿಂಗಡಿಸುವವರು, ಚೀಲ ಹೊರುವ ಹಮಾಲರು ಬರುತ್ತಾರೆ. ಇಷ್ಟು ಕೈಗಳನ್ನು ದಾಟಿದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತದ ಊರುಗಳಿಗೆ ಹೋಗುತ್ತದೆ. ಅಲ್ಲಿ ಅದನ್ನು ಕೊಳ್ಳುವವರಿಗೆ ಈ ಕೈಗಳ ಪರಿಚಯವಿಲ್ಲ. ಕೊಬ್ಬರಿಯ ಧಾರಣೆ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಸುಲಿದವರ ಕೂಲಿ ಅಚ್ಚಾಗುವುದಿಲ್ಲ.

ಈ ಮಾತಿನಿಂದ ಆರಂಭಿಸುವುದಕ್ಕೆ ಕಾರಣವಿದೆ. ‘ಸೇವಕ ನಾಯಕತ್ವ’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕಂಪನಿಗಳ ತರಬೇತಿ ಶಿಬಿರಗಳಲ್ಲಿ, ಶಾಲಾ ಆಡಳಿತ ಮಂಡಳಿಗಳ ಸಭೆಗಳಲ್ಲಿ, ನಮ್ಮ ಧರ್ಮಕೇಂದ್ರಗಳ ಚಿಂತನಾಕೂಟಗಳಲ್ಲಿ ಅದನ್ನು ಧಾರಾಳವಾಗಿ ಬಳಸಲಾಗುತ್ತಿದೆ. ಮಾತು ಒಳ್ಳೆಯದೇ. ಆದರೆ ನಾವು ಅದನ್ನು ತಲೆಕೆಳಗು ಮಾಡಿದ್ದೇವೆ ಎಂಬುದು ನನ್ನ ವಾದ. ಶುಭಸಂದೇಶವು ಸೇವೆಯನ್ನು ಮೇಲೆ ಕುಳಿತವನಿಂದ ಕೇಳುತ್ತದೆ. ನಾವು ಅದನ್ನು ಕೆಳಗೆ ನಿಂತವನಿಂದ ಕೇಳುತ್ತಿದ್ದೇವೆ.

ಮಾತು ಬಂದ ದಾರಿ

ಆಧುನಿಕ ಉದ್ಯೋಗ ಜಗತ್ತಿಗೆ ಈ ಮಾತನ್ನು ಕೊಟ್ಟವರು ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್. ಎ.ಟಿ. ಅಂಡ್ ಟಿ. ಎಂಬ ದೊಡ್ಡ ದೂರವಾಣಿ ಸಂಸ್ಥೆಯಲ್ಲಿ ಸುಮಾರು ನಾಲ್ಕು ದಶಕ ದುಡಿದು 1964ರಲ್ಲಿ ನಿವೃತ್ತರಾದ ಅವರು 1970ರಲ್ಲಿ ಒಂದು ಪ್ರಬಂಧ ಬರೆದರು. ಹರ್ಮನ್ ಹೆಸ್ಸೆಯ ಒಂದು ಕಿರುಕಾದಂಬರಿಯಲ್ಲಿ ಲಿಯೋ ಎಂಬ ಆಳು ಬರುತ್ತಾನೆ. ಯಾತ್ರಿಕರ ಗಂಟುಮೂಟೆ ಹೊತ್ತು ಹಾಡುತ್ತಾ ನಡೆಯುವ ಅವನು ಒಂದು ದಿನ ಕಾಣೆಯಾದಾಗ ಇಡೀ ತಂಡವೇ ಒಡೆದುಹೋಗುತ್ತದೆ. ಆ ಬಳಗದ ಮುಖ್ಯಸ್ಥ ಅವನೇ ಆಗಿದ್ದನೆಂಬುದು ಎಷ್ಟೋ ಕಾಲದ ನಂತರ ತಿಳಿಯುತ್ತದೆ. ಗ್ರೀನ್‌ಲೀಫ್ ತಮ್ಮ ವಿಚಾರಕ್ಕೆ ಪ್ರೇರಣೆ ಪಡೆದದ್ದು ಈ ಕಥೆಯಿಂದ. ಮನುಷ್ಯನು ಮೊದಲು ಸೇವಕನಾಗಬೇಕು, ಆಮೇಲೆ ನಾಯಕನಾಗಬೇಕು ಎಂಬುದು ಅವರ ತಾತ್ಪರ್ಯ. ಅದಕ್ಕೆ ಅವರು ಒಂದು ಪರೀಕ್ಷೆಯನ್ನೂ ಇಟ್ಟರು. ಸೇವೆ ಪಡೆದವರು ಬೆಳೆದರೇ? ಹೆಚ್ಚು ಸ್ವತಂತ್ರರೂ ವಿವೇಕಿಗಳೂ ಆದರೇ? ಸಮಾಜದ ಅತ್ಯಂತ ಕೆಳಗಿನವನಿಗೆ ಇದರಿಂದ ಒಳಿತಾಯಿತೇ, ಇಲ್ಲವೇ ಕನಿಷ್ಠಪಕ್ಷ ಕೇಡಾಗದೆ ಉಳಿಯಿತೇ?

ತರಬೇತಿ ಶಿಬಿರಗಳು ಈ ಪರೀಕ್ಷೆಯನ್ನು ಬಿಟ್ಟು ಮಾತನ್ನು ಮಾತ್ರ ಉಳಿಸಿಕೊಂಡಿವೆ. ಅಧಿಕಾರಿಯು ನಗುಮೊಗದಿಂದಿರಬೇಕು, ಕೈಕೆಳಗಿನವರ ಹೆಸರು ಹಿಡಿದು ಮಾತನಾಡಿಸಬೇಕು, ಹುಟ್ಟುಹಬ್ಬಕ್ಕೆ ಕೇಕ್ ತರಿಸಬೇಕು. ಹಾಗೆ ಮಾಡಿದರೆ ಕೆಲಸ ಹೆಚ್ಚು ನಡೆಯುತ್ತದೆ! ಸೇವೆಯು ಇಲ್ಲಿ ಉತ್ಪಾದನೆ ಹೆಚ್ಚಿಸುವ ಒಂದು ಉಪಾಯವಷ್ಟೇ. ಲಾಭ ಇಳಿದ ದಿನ ಆ ನಗುವೂ ಇಳಿಯುತ್ತದೆ. ಮೊದಲು ಮನೆಗೆ ಹೋಗುವವನು ಕಾಫಿ ತಂದುಕೊಡುವ ಗುತ್ತಿಗೆ ನೌಕರ.

ಶಿಷ್ಯರ ಜಗಳ

ಜಗತ್ತನ್ನು ದೂರುವುದು ಸುಲಭ. ನಮ್ಮ ಮನೆಯನ್ನೇ ನೋಡೋಣ. ಮಾರ್ಕನ ಶುಭಸಂದೇಶದಲ್ಲಿ (10: 35-45) ಜೆಬೆದಾಯನ ಮಕ್ಕಳಿಬ್ಬರು ಯೇಸುವಿನ ಬಲಕ್ಕೂ ಎಡಕ್ಕೂ ಆಸನ ಬೇಡುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಅವರು ವಿನಯವಂತರಾದ್ದರಿಂದ ಸಿಟ್ಟುಗೊಂಡರೆಂದು ತಿಳಿಯಬೇಕಾಗಿಲ್ಲ. ಆ ಆಸನದ ಮೇಲೆ ಅವರ ಕಣ್ಣೂ ಇತ್ತು. ಲೂಕನು (22: 24-27) ಇನ್ನೂ ಕಹಿಯಾದ ಸಂಗತಿಯನ್ನು ದಾಖಲಿಸುತ್ತಾನೆ: ಯಾರು ದೊಡ್ಡವರೆಂಬ ಈ ವಾಗ್ವಾದ ನಡೆದದ್ದು ಕಡೆಯ ಭೋಜನದ ಮೇಜಿನ ಮುಂದೆಯೇ. ಪರಮಪ್ರಸಾದವನ್ನು ಸ್ವೀಕರಿಸಿದ ಬಾಯಿಯಿಂದಲೇ ಪದವಿಯ ಜಗಳ! ಎರಡು ಸಾವಿರ ವರ್ಷಗಳ ನಂತರವೂ ನಮ್ಮ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಾಗಿ ಮನಸ್ತಾಪವಾದಾಗ ನಾವು ಪ್ರೇಷಿತರ ಪರಂಪರೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ.

ಈ ಜಗಳಕ್ಕೆ ಪ್ರಭು ಕೊಟ್ಟ ಉತ್ತರ ಉಪನ್ಯಾಸವಲ್ಲ, ನೀರು ತುಂಬಿದ ಬೋಗುಣಿ (ಯೊವಾನ್ನ 13: 1-17). ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಅವರು ತಮಗೆ ದ್ರೋಹ ಬಗೆಯಲಿದ್ದವನ ಕಾಲನ್ನೂ ತೊಳೆದರು. ಸೇವೆ ನಿಷ್ಠೆಗೆ ಕೊಟ್ಟ ಬಹುಮಾನವಾಗಿರಲಿಲ್ಲ. ಬೇಡವೆಂದ ಪೇತ್ರನ ಸಂಕೋಚಕ್ಕೆ ಅವರು ಮಣಿಯಲಿಲ್ಲ. ಸೇವೆಯೆಂದರೆ ಎಲ್ಲರನ್ನೂ ಮೆಚ್ಚಿಸುವುದಲ್ಲ. ಕಾಲು ತೊಳೆದ ಮೇಲೆ ಮೇಲಂಗಿಯನ್ನು ತೊಟ್ಟು ಮತ್ತೆ ತಮ್ಮ ಸ್ಥಾನದಲ್ಲಿ ಕುಳಿತರು. ತಾವು ಗುರು, ತಾವು ಪ್ರಭು ಎಂಬುದನ್ನು ನಿರಾಕರಿಸಲಿಲ್ಲ. ಅಧಿಕಾರವನ್ನು ಬಿಟ್ಟುಕೊಡುವುದನ್ನಲ್ಲ, ಅಧಿಕಾರದ ಭಾರವನ್ನು ತಾನೇ ಹೊರುವುದನ್ನು ಅವರು ಕಲಿಸಿದರು. ಸುಮಾರು ಮೂವತ್ತು ವರ್ಷ ನಜರೇತಿನಲ್ಲಿ ಮರೆಯಾಗಿದ್ದವರಿಗೆ ಅದು ಸಾಧ್ಯವಾಯಿತು. ನಮ್ಮಲ್ಲಿ ಅನೇಕರು ಅಹಂಕಾರದ ನೀರು ಇಂಗುವ ಮೊದಲೇ ಅಟ್ಟದಿಂದ ಇಳಿದ ಕಾಯಿಗಳು. ಅಂಥ ಕೊಬ್ಬರಿ ಕೌಟಾಗುವುದರಲ್ಲಿ ಆಶ್ಚರ್ಯವೇನಿದೆ?

ತಲೆಕೆಳಗಾದ ಸೇವೆ

ಇನ್ನು ನನ್ನ ಮುಖ್ಯ ಆರೋಪಕ್ಕೆ ಬರುತ್ತೇನೆ. ಅದರಲ್ಲಿ ನಾನೂ ಪಾಲುದಾರ. ಬಹಳ ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಶಿಕ್ಷಕರು ಬೇಕಾಗಿದ್ದಾರೆಂಬ ಜಾಹೀರಾತಿನ ಕರಡಿನಲ್ಲಿ ‘ಸೇವಾ ಮನೋಭಾವವುಳ್ಳವರಿಗೆ ಆದ್ಯತೆ’ ಎಂಬ ಸಾಲನ್ನು ಸೇರಿಸಿದವನು ನಾನೇ. ಸಂಬಳ ಕಡಿಮೆ ಎಂಬುದನ್ನು ಸಭ್ಯವಾಗಿ ಹೇಳುವ ದಾರಿ ಅದೆಂದು ನನಗೂ ಗೊತ್ತಿತ್ತು, ಓದುವವರಿಗೂ ಗೊತ್ತಿತ್ತು. ಒಬ್ಬ ಶಿಕ್ಷಕಿ ಸಂಬಳ ಹೆಚ್ಚಿಸುವಂತೆ ಕೇಳಲು ಬಂದಾಗ ಮೇಲಿನವರು, “ಟೀಚರ್, ಇದನ್ನು ಬರೀ ನೌಕರಿ ಅಂದುಕೋಬೇಡಿ, ಇದು ಸೇವೆ” ಎಂದರು. ಆಕೆ ತಲೆ ತಗ್ಗಿಸಿಯೇ ಹೇಳಿದರು: “ಸೇವೆ ನಾನು ಮಾಡ್ತೀನಿ ಸರ್. ದಿನಸಿ ಅಂಗಡಿಯವರು ಮಾಡಲ್ವಲ್ಲ.” ಕೋಣೆಯಲ್ಲಿದ್ದ ಯಾರಿಗೂ ಉತ್ತರ ಹೊಳೆಯಲಿಲ್ಲ. ಆ ವರ್ಷ ಸಂಸ್ಥೆಗೆ ಹೊಸ ಮಹಾದ್ವಾರ ಎದ್ದಿತು. ಅದರ ಬಿಲ್ಲನ್ನು ಬರೆದವನೂ ನಾನೇ.

ಸೇವೆ ಎಂಬ ಪವಿತ್ರ ಪದವನ್ನು ಕೂಲಿಗೆ ಬದಲಾಗಿ ಕೊಡುವುದು ಪಾಪ. ಇದು ನನ್ನ ಸ್ವಂತ ತೀರ್ಪಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಹೊರಡಿಸಿದ ‘ರೇರುಮ್ ನೊವಾರುಮ್’ ವಿಶ್ವಪತ್ರವು ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸಾರಿತು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ‘ಲಿಯೋ’ ಎಂಬ ಹೆಸರನ್ನೇ ಆರಿಸಿಕೊಂಡಾಗ ಆ ವಿಶ್ವಪತ್ರವನ್ನು ನೆನೆದೇ ಆರಿಸಿಕೊಂಡುದಾಗಿ ತಿಳಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1286ನೆಯ ವಿಧಿ ಇನ್ನೂ ಸ್ಪಷ್ಟವಾಗಿದೆ: ಧರ್ಮಸಭೆಯ ಆಸ್ತಿಯನ್ನು ನಿರ್ವಹಿಸುವವರು ನಾಡಿನ ಕಾರ್ಮಿಕ ಕಾನೂನನ್ನು ಪಾಲಿಸಬೇಕು, ದುಡಿಯುವವರ ಹಾಗೂ ಅವರ ಕುಟುಂಬದ ಅಗತ್ಯಕ್ಕೆ ಸಾಲುವಷ್ಟು ವೇತನ ಕೊಡಬೇಕು. ಭಕ್ತಾದಿಗಳ ಕಾಣಿಕೆಯ ಲೆಕ್ಕವನ್ನು ಭಕ್ತಾದಿಗಳಿಗೆ ಒಪ್ಪಿಸಬೇಕೆನ್ನುತ್ತದೆ 1287ನೆಯ ವಿಧಿ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆನ್ನುತ್ತದೆ 537ನೆಯ ವಿಧಿ. ಸೇವಕ ನಾಯಕತ್ವದ ಬಗ್ಗೆ ಇಷ್ಟು ಉಪನ್ಯಾಸ ಕೇಳಿದ ನಮ್ಮಲ್ಲಿ ಎಷ್ಟು ಮಂದಿ ಈ ಮೂರು ವಿಧಿಗಳ ಬಗ್ಗೆ ಒಂದು ಉಪನ್ಯಾಸವನ್ನಾದರೂ ಕೇಳಿದ್ದೇವೆ?

ತೋಟದ ಯಜಮಾನರೂ ನಾಯಕರೇ

ಗುರುಗಳನ್ನೂ ಆಡಳಿತದವರನ್ನೂ ಮಾತ್ರ ದೂರಿ ಶ್ರೀಸಾಮಾನ್ಯರಾದ ನಾವು ತಪ್ಪಿಸಿಕೊಳ್ಳುವಂತಿಲ್ಲ. ಈ ಸೀಮೆಯಲ್ಲಿ ನಾಲ್ಕೆಕರೆ ತೋಟವುಳ್ಳವನೂ ನಾಲ್ಕು ಆಳುಗಳಿಗೆ ನಾಯಕನೇ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. 2024ರ ಆರಂಭದಲ್ಲಿ ಖರೀದಿ ಕೇಂದ್ರಗಳ ಮುಂದೆ ನೋಂದಣಿಗಾಗಿ ರೈತರು ಸರದಿಯಲ್ಲಿ ಕಾದರು. ಅಕ್ರಮದ ದೂರುಗಳು ಬಂದು ನೋಂದಣಿಯನ್ನು ಮತ್ತೊಮ್ಮೆ ಮಾಡಬೇಕಾಯಿತು. ಆಗ ನಾವೆಲ್ಲ ನ್ಯಾಯದ ಮಾತನಾಡಿದೆವು; ಆ ಮಾತು ಸರಿಯಾಗಿಯೇ ಇತ್ತು. 2025ರಲ್ಲಿ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿ ಏರಿತು. ಆಗ ಮಟ್ಟೆ ಸುಲಿದವನ, ಚಿಪ್ಪು ಒಡೆದವಳ ಕೂಲಿ ಅದೇ ಪ್ರಮಾಣದಲ್ಲಿ ಏರಿತೇ? ಬೆಲೆ ಬಿದ್ದಾಗ ಕೂಲಿ ಏರಿಸಲಾಗದು ಎನ್ನುತ್ತಿದ್ದ ನಾವು ಬೆಲೆ ಎದ್ದಾಗ ಏನೆಂದೆವು? ಎದೆ ಮುಟ್ಟಿಕೊಂಡು ಉತ್ತರಿಸೋಣ. ಮರದಿಂದ ಬಿದ್ದವನ ಆಸ್ಪತ್ರೆಯ ಖರ್ಚನ್ನು ದಾನವೆಂದು ಕೊಡುವವರಿದ್ದಾರೆ. ಅದು ಅವನಿಗೆ ಸಲ್ಲಬೇಕಾದ ಹಕ್ಕೆಂದು ಒಪ್ಪುವವರು ವಿರಳ.

ಒಳ್ಳೆಯತನ ಸಾಲದು, ಏರ್ಪಾಟು ಬೇಕು

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: “ಮನಸ್ಸು ಬದಲಾದರೆ ಎಲ್ಲವೂ ಸರಿಹೋಗುತ್ತದೆ; ಕಾನೂನು, ಲೆಕ್ಕ, ಸಮಿತಿಗಳಿಂದ ಸೇವೆ ಹುಟ್ಟುತ್ತದೆಯೇ?” ಆದಿಸಭೆಯ ಅನುಭವ ಬೇರೆಯೇ ಇದೆ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬರುತ್ತದೆ. ಪ್ರೇಷಿತರು ದೂರಿದವರಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಏಳು ಮಂದಿಯನ್ನು ಆರಿಸುವಂತೆ ಸಭೆಗೇ ಹೇಳಿದರು. ಆ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಎಂದರೆ, ಹಂಚಿಕೆಯ ಅಧಿಕಾರವು ದೂರಿದವರ ಕಡೆಯವರ ಕೈಗೇ ಹೋಯಿತೆಂದು ಊಹಿಸಬಹುದು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯಲ್ಲಿ ಅಡುಗೆಮನೆಯ ಕೆಲಸವನ್ನು ಸಹೋದರರಿಗೆ ವಾರದ ಸರದಿಯಂತೆ ಹಂಚಿದರು. ಸರದಿ ಮುಗಿಸುವವನೂ ಆರಂಭಿಸುವವನೂ ಎಲ್ಲರ ಕಾಲು ತೊಳೆಯಬೇಕೆಂದರು. ಮುಖ್ಯ ನಿರ್ಧಾರಗಳಿಗೆ ಎಲ್ಲರನ್ನೂ ಕರೆದು ಕೇಳಬೇಕು, ದೇವರು ಅನೇಕ ವೇಳೆ ಕಿರಿಯನಿಗೇ ಒಳ್ಳೆಯದನ್ನು ತೋರಿಸುತ್ತಾರೆ ಎಂದು ವಿಧಿಸಿದರು. ವಿನಯವನ್ನು ಅವರು ಸ್ವಭಾವಕ್ಕೆ ಬಿಡಲಿಲ್ಲ, ಸರದಿ ಪಟ್ಟಿಯಲ್ಲಿ ಬರೆದಿಟ್ಟರು.

ನಮ್ಮ ಕಾಲದ ಉದಾಹರಣೆಯೂ ಇದೆ. 1949ರಲ್ಲಿ ಗುಜರಾತಿನ ಆನಂದ್‌ಗೆ ಬಂದ ವರ್ಗೀಸ್ ಕುರಿಯನ್ ತಮ್ಮನ್ನು ರೈತರ ನೌಕರನೆಂದೇ ಕರೆದುಕೊಂಡರು. ಅವರ ಸ್ವಭಾವ ಮೃದುವಾಗಿರಲಿಲ್ಲ, ಮಾತು ಖಾರವಾಗಿತ್ತು. ಆದರೆ ಸಂಸ್ಥೆಯ ಒಡೆತನ ಹಾಲು ಹಾಕುವವರದಾಗಿತ್ತು. ನಗುಮೊಗದ ಒಡೆಯನಿಗಿಂತ ಸಿಡುಕಿನ ನೌಕರನೇ ರೈತನಿಗೆ ಹೆಚ್ಚು ಉಪಕಾರಿ.

ನಮ್ಮದೇ ಜಿಲ್ಲೆಯಲ್ಲಿ ಇನ್ನೂ ಹತ್ತಿರದ ಸಾಕ್ಷಿಯಿದೆ. 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿಮತ ನೋಡದೆ ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ವಿದ್ಯೆ ನೀಡಿದರು. ಅದಕ್ಕಾಗಿ ಅವರೇ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ಬೇಡಿದರು. ಮಕ್ಕಳಿಗೆ ಸೇವೆಯ ಉಪದೇಶ ಮಾಡಿ ತಾವು ಗದ್ದುಗೆಯ ಮೇಲೆ ಕೂರಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ‘ದಾಸೋಹ’ ಎಂಬ ಪದದಲ್ಲಿ ಕೊಡುವವನೇ ದಾಸ. ಶುಭಸಂದೇಶದ ಸೇವಕನೂ ಈ ದಾಸನೂ ಒಬ್ಬರನ್ನೊಬ್ಬರು ಗುರುತಿಸದೆ ಇರಲಾರರು. ಆ ದಾಸೋಹದ ನೆರೆಯಲ್ಲೇ ಬಾಳುವ ನಾವು ಸೇವೆಯ ಅರ್ಥಕ್ಕಾಗಿ ತರಬೇತಿ ಶಿಬಿರದ ಶುಲ್ಕ ಕಟ್ಟಬೇಕಾಗಿ ಬಂದದ್ದು ವಿಪರ್ಯಾಸ.

ಪವಿತ್ರ ಗುರುವಾರದ ಮರುದಿನ

ಜಗದ್ಗುರು ಫ್ರಾನ್ಸಿಸರು 2013ರ ಪವಿತ್ರ ಗುರುವಾರ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹೆಣ್ಣುಮಕ್ಕಳ ಹಾಗೂ ಮುಸ್ಲಿಮರ ಕಾಲನ್ನೂ ತೊಳೆದಾಗ ಹಲವರು ಹುಬ್ಬೇರಿಸಿದರು. 2016ರಲ್ಲಿ ಅವರು ಪೂಜಾವಿಧಿಯನ್ನೇ ತಿದ್ದಿಸಿ ಸ್ತ್ರೀಯರಿಗೂ ಆ ಸಾಲಿನಲ್ಲಿ ಸ್ಥಾನ ಕೊಟ್ಟರು. ಆದರೂ ಅನೇಕ ಕಡೆ ಈ ವಿಧಿ ನಡೆಯುವುದು ಹೀಗೆ: ಮನೆಯಲ್ಲೇ ಚೆನ್ನಾಗಿ ತೊಳೆದುಕೊಂಡು ಬಂದ ಹನ್ನೆರಡು ಗಣ್ಯರ ಕಾಲಿಗೆ ಹನಿ ನೀರು, ಹೊಸ ಟವೆಲ್, ಛಾಯಾಚಿತ್ರ.

ಪ್ರಿಯ ಓದುಗರೇ, ಬರುವ ಪವಿತ್ರ ಗುರುವಾರ ಆ ಬೆಂಚಿನ ಮೇಲೆ ಚಿಪ್ಪು ಒಡೆಯುವ ಹೆಣ್ಣುಮಗಳೊಬ್ಬಳು, ಹಮಾಲನೊಬ್ಬ, ದೇವಾಲಯದ ಅಂಗಳ ಗುಡಿಸುವವನೊಬ್ಬ ಕುಳಿತಿರಲಿ. ಆದರೆ ಅಷ್ಟಕ್ಕೇ ನಿಲ್ಲುವುದು ಬೇಡ. ಹಬ್ಬ ಮುಗಿದ ವಾರವೇ ಧರ್ಮಕೇಂದ್ರದ ಸಭೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳೋಣ. ನಮ್ಮಲ್ಲಿ ಅತಿ ಕಡಿಮೆ ಸಂಬಳ ಪಡೆಯುವವರು ಯಾರು? ಆ ಸಂಬಳದಲ್ಲಿ ಒಂದು ಕುಟುಂಬ ಬದುಕಬಲ್ಲದೇ? ಅವರಿಗೆ ಭವಿಷ್ಯ ನಿಧಿ ಇದೆಯೇ? ಕಳೆದ ವರ್ಷದ ಲೆಕ್ಕವನ್ನು ಎಲ್ಲರ ಮುಂದೆ ಓದಲಾಯಿತೇ? ತೋಟವುಳ್ಳವರು ಇವೇ ಪ್ರಶ್ನೆಗಳನ್ನು ತಮ್ಮ ಮನೆಯ ಜಗಲಿಯ ಮೇಲೆ ಕೇಳಿಕೊಳ್ಳಲಿ.

ಕೇಳಿದವರನ್ನು ದಂಗೆಕೋರರೆಂದು ಕರೆಯಬಹುದು. ಕರೆಯಲಿ. ಅಂದು ದಿನಸಿ ಅಂಗಡಿಯ ಮಾತನ್ನಾಡಿದ ಶಿಕ್ಷಕಿಗೆ ನಾನು ಇಂದಿಗೂ ಉತ್ತರ ಕೊಟ್ಟಿಲ್ಲ. ಆಕೆ ನಿವೃತ್ತರಾಗಿರಬಹುದು. ಆದರೆ ಆಕೆಯ ಜಾಗದಲ್ಲಿ ಇನ್ನೊಬ್ಬ ಶಿಕ್ಷಕಿ ಇಂದು ಪಾಠ ಮಾಡುತ್ತಿದ್ದಾರೆ. ಉತ್ತರ ಕೊಡಲು ಇನ್ನೂ ಕಾಲ ಮೀರಿಲ್ಲ.